ಸೂಬಿಕ್: ಗೇಟಿನ ಒಳಗೊಂದು ಊರು, ಹೊರಗೊಂದು ಊರು

ಗುರುವಾರ

ಮನಿಲಾದಿಂದ ಒಲೊಂಗಾಪೊಗೆ ಮೂರು ಗಂಟೆಯ ದಾರಿ ಎನ್ನುತ್ತಾರೆ. ಮನಿಲಾದಿಂದ ಬಿಡಿಸಿಕೊಳ್ಳುವುದಕ್ಕೇ ಒಂದು ಗಂಟೆ ಬೇಕು, ಹಾಗಾಗಿ ನಾಲ್ಕು ಎಂದಿಟ್ಟುಕೊಂಡರೆ ಬೇಸರವಿಲ್ಲ. 2025ರ ಜೂನ್‌ನಿಂದ ಭಾರತೀಯರು ವೀಸಾ ಇಲ್ಲದೆ 14 ದಿನ ಫಿಲಿಪ್ಪೀನ್ಸ್‌ನಲ್ಲಿ ಇರಬಹುದು. ವಿಮಾನ ನಿಲ್ದಾಣದಲ್ಲಿ ವಾಪಸಾತಿ ಟಿಕೆಟ್ ಮತ್ತು ಹೋಟೆಲಿನ ಕಾಗದ ಕೇಳಿದರು, ತೋರಿಸಿದೆವು, ಬಿಟ್ಟರು. ಬಸ್ಸಿನ ಏಸಿಯದೇ ದೊಡ್ಡ ಸಮಸ್ಯೆಯಾಯಿತು. ಹೊರಗೆ ಮಾರ್ಚಿನ ಬಿಸಿಲು ಉರಿಯುತ್ತಿದ್ದರೂ ಸ್ಥಳೀಯರೆಲ್ಲ ಜಾಕೆಟ್ ತೊಟ್ಟು ಬಸ್ ಹತ್ತಿದ್ದು ಯಾಕೆಂದು ಅರ್ಧ ಗಂಟೆಯಲ್ಲಿ ತಿಳಿಯಿತು. ಶಾಲು ಸೂಟ್‌ಕೇಸಿನಲ್ಲಿ ಅಲ್ಲ, ಕೈಚೀಲದಲ್ಲಿ ಇರಲಿ.

ಪಂಪಾಂಗಾ ಪ್ರಾಂತ್ಯದ ಬಯಲಿನಲ್ಲಿ ಗದ್ದೆಗಳ ಬದುಗಳಿಗೆ ಬೂದಿಯ ಬಣ್ಣ. 1991ರ ಜೂನ್ 15ರಂದು ಸಿಡಿದ ಪಿನಾತುಬೊ ಜ್ವಾಲಾಮುಖಿಯ ಬೂದಿ ಅದು. ಆಮೇಲಿನ ಮಳೆಗಾಲಗಳಲ್ಲಿ ಅದೇ ಬೂದಿ ಕೆಸರಿನ ಪ್ರವಾಹವಾಗಿ ಇಳಿದು ಊರುಗಳನ್ನು ಮುಚ್ಚಿತು. ಬಾಕೊಲೋರ್ ಊರಿನ ಚರ್ಚು 1995ರಲ್ಲಿ ಅರ್ಧಕ್ಕೆ ಹೂತುಹೋಯಿತು. ಜನ ಅದನ್ನು ಅಗೆದು ತೆಗೆಯದೆ, ಕಿಟಕಿಗಳನ್ನೇ ಬಾಗಿಲು ಮಾಡಿಕೊಂಡು ಒಳಗೆ ಪ್ರಾರ್ಥನೆ ಮುಂದುವರಿಸಿದ್ದಾರೆ. ಬಯಲು ಮುಗಿದು ಗುಡ್ಡ ಶುರುವಾದ ಮೇಲೆ ಬರುವ ಹಾವಿನ ತಿರುವುಗಳ ಘಟ್ಟಕ್ಕೆ ಜಿಗ್‌ಜಾಗ್ ಪಾಸ್ ಎಂದೇ ಹೆಸರು. 1945ರಲ್ಲಿ ಜಪಾನೀಯರನ್ನು ಇಲ್ಲಿಂದ ಕದಲಿಸಲು ಅಮೆರಿಕನ್ನರಿಗೆ ಎರಡು ವಾರ ಹಿಡಿಯಿತು. ನಮ್ಮ ಬಸ್ಸಿಗೆ ಇಪ್ಪತ್ತು ನಿಮಿಷ ಸಾಕಾಯಿತು, ಮುಂದಿನ ಸೀಟಿನ ಮಗುವಿಗೆ ವಾಂತಿಯಾದದ್ದನ್ನೂ ಸೇರಿಸಿ.

ಒಲೊಂಗಾಪೊಗೆ ಅಂಟಿಕೊಂಡೇ ಇರುವ ಸೂಬಿಕ್ 1992ರವರೆಗೆ ಅಮೆರಿಕದ ನೌಕಾನೆಲೆ, ಈಗ ಸುಂಕವಿಲ್ಲದ ವ್ಯಾಪಾರದ ಮುಕ್ತ ಬಂದರು ವಲಯ. ಪ್ರವಾಸಿಗಳ ಮೊದಲ ಆಯ್ಕೆಯಲ್ಲ. ಬೀಚು ಬೇಕೆಂದರೆ ಫಿಲಿಪ್ಪೀನ್ಸ್‌ನಲ್ಲಿ ಅದಕ್ಕಿಂತ ಚೆಂದದವು ಬೇಕಾದಷ್ಟಿವೆ. ನಾವು ಅಂಕೋಲೆ ಕಡೆಯವರು. ಕಾರವಾರದ ಸೀಬರ್ಡ್ ನೌಕಾನೆಲೆಗಾಗಿ ಅರ್ಗಾದ ಮನೆ, ತೋಟ ಬಿಟ್ಟುಬಂದ ನೆಂಟರು ನಮ್ಮಲ್ಲಿದ್ದಾರೆ. ನೌಕಾನೆಲೆ ಬಂದರೆ ಊರು ಏನಾಗುತ್ತದೆ ಎಂಬುದನ್ನು ಕಂಡವರಿಗೆ, ಅದು ಹೋದರೆ ಏನಾಗುತ್ತದೆ ಎಂದು ನೋಡುವ ಆಸೆ. ನಮ್ಮವರಿಗೆ ಹಡಗಿನ ಹುಚ್ಚು ಬೇರೆ.

ಬಸ್ ನಿಲ್ದಾಣದಲ್ಲಿ ಬಾಡಿಗೆ ಮಾತನಾಡುವ ಮೊದಲೇ ಟ್ರೈಸಿಕಲ್ ಎಂಬ ಬೈಕು-ರಿಕ್ಷಾದ ಚಾಲಕ ನಮ್ಮವರ ಮುಖ ನೋಡಿ, "ಫೈವ್ ಸಿಕ್ಸ್?" ಎಂದು ನಕ್ಕ. ಐದು ಸಾವಿರ ಪೆಸೊ ಕೊಟ್ಟು ಆರು ಸಾವಿರ ವಸೂಲು ಮಾಡುವ ವ್ಯವಹಾರದ ಹೆಸರದು. ಮೋಟಾರ್‌ಸೈಕಲ್ ಮೇಲೆ ಓಣಿ ಓಣಿ ಸುತ್ತಿ ಆ ಸಾಲ ಹಂಚುವವರಲ್ಲಿ ಪಂಜಾಬಿಗಳೇ ಹೆಚ್ಚಾದ್ದರಿಂದ ಭಾರತೀಯ ಮುಖ ಎಂದರೆ ಅಲ್ಲಿ ಬಡ್ಡಿಯ ನೆನಪು. ನಮ್ಮವರು ಬ್ಯಾಂಕಿನ ಸಾಲ ವಿಭಾಗದಲ್ಲಿಯೇ ನಿವೃತ್ತರಾದವರು. "ಐದಕ್ಕೆ ಆರು! ನಮ್ಮ ವಲಯ ಕಚೇರಿಯವರು ಕೇಳಿದರೆ ಮೂರ್ಛೆ ಹೋಗುತ್ತಾರೆ," ಎಂದು ಹೋಟೆಲ್ ಬರುವವರೆಗೂ ಹೇಳುತ್ತಲೇ ಇದ್ದರು.

ಸಂಜೆ ಮಗ್ಸಾಯ್‌ಸಾಯ್ ಡ್ರೈವ್‌ನಲ್ಲಿ ನಡೆದೆವು. ಮ್ಯಾಗ್ಸೆಸೆ ಪ್ರಶಸ್ತಿ ಎಂದು ನಾವು ಕರೆಯುವುದು ಈ ರಾಮೋನ್ ಮಗ್ಸಾಯ್‌ಸಾಯ್ ಹೆಸರಿನಲ್ಲಿಯೇ. ಫಿಲಿಪ್ಪೀನ್ಸ್‌ನ ಅಧ್ಯಕ್ಷನಾಗಿದ್ದಾಗಲೇ ವಿಮಾನಾಪಘಾತದಲ್ಲಿ ತೀರಿಕೊಂಡ ಆತ ಇದೇ ಸಾಂಬಾಲೆಸ್ ಪ್ರಾಂತ್ಯದವನು. ಹೆಗ್ಗೋಡಿನ ಕೆ.ವಿ. ಸುಬ್ಬಣ್ಣನವರಿಗೆ ಆ ಪ್ರಶಸ್ತಿ ಬಂದದ್ದು 1991ರಲ್ಲಿ, ಈ ಊರಿನ ತಲೆಯ ಮೇಲೆ ಬೂದಿ ಸುರಿದ ಅದೇ ವರ್ಷ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಈ ರಸ್ತೆಯ ಎರಡೂ ಬದಿಗೆ ಬಾರುಗಳು, ಕ್ಲಬ್ಬುಗಳು. ಈಗ ಮೊಬೈಲ್ ರಿಪೇರಿ, ಔಷಧಿ ಅಂಗಡಿ, ಒತ್ತೆ ಅಂಗಡಿ, ಹಲ್ಲಿನ ಡಾಕ್ಟರು. ಬಾರುಗಳು ಪೂರ್ತಿ ಹೋಗಿಲ್ಲ. ಊರಾಚೆಯ ಬಾರೆಟ್ಟೊ ಕಡಲತೀರಕ್ಕೆ ಸರಿದಿವೆ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ನಾವಿಕರಾಗಿ ಬಂದಿದ್ದವರು ಎಪ್ಪತ್ತೈದಕ್ಕೆ ಪಿಂಚಣಿ ಹಿಡಿದು ಬಂದು ಅಲ್ಲಿ ನೆಲೆಸಿದ್ದಾರಂತೆ.

ರಸ್ತೆಯ ತುದಿಗೆ ಸೇತುವೆ, ಕೆಳಗೆ ಕಪ್ಪು ನೀರಿನ ಕಾಲುವೆ, ಆಚೆಗೆ ಗೇಟು. ನೆಲೆಯಿಂದ ಹೊರಬಂದ ನಾವಿಕರು ಈ ಸೇತುವೆಯ ಮೇಲಿನಿಂದ ನಾಣ್ಯ ಎಸೆಯುತ್ತಿದ್ದರು, ಕೆಳಗೆ ದೋಣಿಗಳಲ್ಲಿ ಕಾಯುತ್ತಿದ್ದ ಮಕ್ಕಳು ಆ ಗಟಾರದ ನೀರಿಗೆ ಧುಮುಕಿ ನಾಣ್ಯ ಹುಡುಕುತ್ತಿದ್ದರು. ಕಾಲುವೆಗೆ ನಾವಿಕರು ಇಟ್ಟಿದ್ದ ಹೆಸರನ್ನು ಬರೆಯುವಂತಿಲ್ಲ. ವಾಸನೆ ಮಾತ್ರ ಇನ್ನೂ ಅದೇ ಹೆಸರಿಗೆ ತಕ್ಕಂತಿದೆ.

ಶುಕ್ರವಾರ

ಟ್ರೈಸಿಕಲ್‌ಗಳಿಗೆ ಗೇಟಿನೊಳಗೆ ಪ್ರವೇಶವಿಲ್ಲ. ಸೇತುವೆಯ ಈಚೆಗೆ ಇಳಿದು, ನಡೆದೇ ದಾಟಿದೆವು. ಕಾವಲುಗಾರ ನಮ್ಮನ್ನು ತಡೆಯಲಿಲ್ಲ, ಚೀಲ ನೋಡಲಿಲ್ಲ, ತಲೆಯಾಡಿಸಿದ ಅಷ್ಟೇ. ಆದರೆ ಸೇತುವೆಯ ಮೇಲಿನ ನೂರು ಹೆಜ್ಜೆಯಲ್ಲಿ ದೇಶವೇ ಬದಲಾದಂತಾಯಿತು. ಹಿಂದೆ ತಂತಿಗಳ ಗೋಜಲು, ಹಾರ್ನು, ರಸ್ತೆಗೇ ಬಂದು ಕೂತ ತರಕಾರಿ. ಮುಂದೆ ಕತ್ತರಿಸಿದ ಹುಲ್ಲು, ದೊಡ್ಡ ಮಳೆಮರಗಳ ನೆರಳು, ಒಬ್ಬರೂ ನಡೆಯದ ಅಗಲವಾದ ಕಾಲುದಾರಿ.

ಒಳಗಿನ ಟ್ಯಾಕ್ಸಿ ಮೊದಲ ಅಡ್ಡರಸ್ತೆಯಲ್ಲಿ ನಿಂತಿತು. ಎಡಕ್ಕೆ ಯಾರಿಲ್ಲ, ಬಲಕ್ಕೆ ಯಾರಿಲ್ಲ, ಎದುರಿಗೂ ಇಲ್ಲ. ಚಾಲಕ ಚಕ್ರ ಪೂರ್ತಿ ನಿಲ್ಲಿಸಿ, ಮನಸ್ಸಿನಲ್ಲೇ ಎಣಿಸಿ, ಹೊರಟ. ಮುಂದಿನ ಅಡ್ಡರಸ್ತೆಯಲ್ಲೂ ಅದೇ. ನಿಲ್ಲದಿದ್ದರೆ ದಂಡ, ಮುಲಾಜಿಲ್ಲದೆ. ಅಮೆರಿಕನ್ನರ ಕಾಲದ ಈ ನಿಯಮಕ್ಕೆ ಇಡೀ ದೇಶದಲ್ಲಿ ಸೂಬಿಕ್ ಹೆಸರುವಾಸಿ. ಕಾರು ಬಾಡಿಗೆಗೆ ಪಡೆದು ಹೋಗುವವರಿಗೆ ಮನಿಲಾದವರು ಹೇಳುವ ಮೊದಲ ಬುದ್ಧಿಮಾತೂ ಅದೇ. "ಗೇಟಿನ ಹೊರಗೂ ಹೀಗೆ ನಿಲ್ಲಿಸುತ್ತೀರಾ?" ಎಂದೆ. "ಹೊರಗೆ ನಿಲ್ಲಿಸಿದರೆ ಹಿಂದಿನವನು ಬಂದು ಗುದ್ದುತ್ತಾನೆ, ಮೇಡಂ," ಎಂದ.

ಊರಿನ ಹಳೆಯ ಕಥೆ ಒಂದು ಕಲ್ಲಿನ ಕಮಾನಿನಲ್ಲಿದೆ. 1885ರಲ್ಲಿ ಸ್ಪೇನ್ ಇಲ್ಲಿ ನೌಕಾನೆಲೆ ಕಟ್ಟಲು ಹೊರಟಾಗಿನ ಸ್ಪ್ಯಾನಿಷ್ ಗೇಟ್ ಅದು. ಈಗ ಪಕ್ಕದಲ್ಲೇ ಮಾಲ್. 1898ರಲ್ಲಿ ಅಮೆರಿಕದ ನೌಕಾಪಡೆ ಬರುತ್ತಿದೆ ಎಂದು ತಿಳಿದಾಗ ಸ್ಪೇನಿನ ಅಡ್ಮಿರಲ್ ಮೊಂತೋಹೊ ಕಾದಾಡಲು ತನ್ನ ಹಡಗುಗಳನ್ನು ಈ ಕೊಲ್ಲಿಗೇ ತಂದ. ಬಂದು ನೋಡಿದರೆ ದಡದಲ್ಲಿ ಏರಿಸಿಟ್ಟಿರಬೇಕಾಗಿದ್ದ ಫಿರಂಗಿಗಳು ಇನ್ನೂ ನೆಲದ ಮೇಲೆಯೇ ಬಿದ್ದಿದ್ದವು. ಮರಳಿ ಮನಿಲಾ ಕೊಲ್ಲಿಗೆ ಹೋಗಿ ಮೇ 1ರಂದು ಸೋತ. ಗೆದ್ದ ಡ್ಯೂಯಿಯ ಹೆಸರು ಇಲ್ಲಿನ ಒಂದು ಬೀದಿಗೆ ಇವತ್ತಿಗೂ ಇದೆ. ಸೋತವನ ಹೆಸರಿನ ಬೀದಿ ನನಗೆ ಸಿಗಲಿಲ್ಲ.

ವಾಟರ್‌ಫ್ರಂಟ್ ರಸ್ತೆಯಲ್ಲಿ ಕಟ್ಟಡಗಳಿಗೆ ಇನ್ನೂ ನಂಬರುಗಳೇ ವಿಳಾಸ. ವಲಯದ ಆಡಳಿತ ಕಚೇರಿ ಇರುವುದು ಬಿಲ್ಡಿಂಗ್ 229ರಲ್ಲಿ. ಅಮೆರಿಕನ್ನರ ಉಗ್ರಾಣದಲ್ಲಿ ಸುಂಕವಿಲ್ಲದ ಅಂಗಡಿ, ಬ್ಯಾರಕ್ಕಿನಲ್ಲಿ ಹೋಟೆಲು, ಅಧಿಕಾರಿಗಳ ಮನೆಗಳಲ್ಲಿ ಕೊರಿಯನ್ ಬಾಡಿಗೆದಾರರು. ಸುಂಕವಿಲ್ಲದ ಅಂಗಡಿಯ ಬಗ್ಗೆ ಹೆಚ್ಚೇನೂ ಕನಸು ಬೇಡ: ಅಮೆರಿಕದ ಚಾಕೊಲೇಟು, ಡಬ್ಬಿಯಲ್ಲಿಟ್ಟ ಮಾಂಸ, ಲಾಂಡ್ರಿ ಸೋಪು. ಆದರೆ ಮನಿಲಾದಿಂದ ಬಂದವರು ಗಾಡಿ ತುಂಬಿಸಿಕೊಳ್ಳುತ್ತಿದ್ದ ಪರಿ ನೋಡಿದರೆ ನೆಲೆ ಹೋದರೂ ಅದರ ಕಿರಾಣಿಯ ರುಚಿ ಹೋಗಿಲ್ಲ ಎನಿಸಿತು.

ಊಟದ ಹೊತ್ತಿಗೆ ಬಂದರಿನ ಕೆಲಸಗಾರರ ಹಿಂದೆ ಹಿಂದೆಯೇ ನಡೆದು, ಮತ್ತೆ ಗೇಟು ದಾಟಿ, ಹೊರಗಿನ ಓಣಿಯ ಒಂದು ಊಟದಂಗಡಿ ಹೊಕ್ಕೆವು. ಒಳಗಿನ ರೆಸ್ಟೋರೆಂಟಿನಲ್ಲಿ ಕೊಡುವ ಒಂದು ಕಾಫಿಯ ಹಣದಲ್ಲಿ ಇಲ್ಲಿ ಇಬ್ಬರ ಊಟ. ಪಾತ್ರೆಗಳ ಮುಚ್ಚಳ ಒಂದೊಂದಾಗಿ ಎತ್ತಿ ನೋಡಿ ಕೈ ತೋರಿಸಿದರಾಯಿತು. ಮೀನು ನಮಗೆ ಒಗ್ಗುತ್ತದೆ, ಹಂದಿ ಒಗ್ಗದು. ಈ ದೇಶದಲ್ಲಿ ಸೊಪ್ಪಿನ ಪಲ್ಯದಲ್ಲೂ ಹಂದಿಯ ಚೂರು ಅಡಗಿರಬಹುದು. ನಮ್ಮ ಪುಣ್ಯಕ್ಕೆ ಅದು ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳ ಶುಕ್ರವಾರ, ಮಾಂಸ ವರ್ಜ್ಯ. ಶುಕ್ರವಾರ ಮಾಡಲೇಬೇಕಾದ ಹೆಸರುಕಾಳಿನ ಗಟ್ಟಿ ಸಾರು, ಮುಂಗೊ, ಒಣಸೀಗಡಿ ಹಾಕಿ ಕುದಿಯುತ್ತಿತ್ತು. ಜೊತೆಗೆ ಪುತೊ ಎಂಬ ಅಕ್ಕಿಯ ಹಬೆಕಡುಬು, ಥೇಟ್ ಸಕ್ಕರೆ ಹಾಕಿದ ಪುಟ್ಟ ಇಡ್ಲಿ. ನಮ್ಮವರು ಪುತೊವನ್ನು ಮುಂಗೊದಲ್ಲಿ ಅದ್ದಿಕೊಂಡು ತಿನ್ನುವುದನ್ನು ನೋಡಲು ಅಡುಗೆಮನೆಯಿಂದ ಇಬ್ಬರು ಹುಡುಗಿಯರು ಹೊರಗೆ ಬಂದರು.

ಅಂಗಡಿಯ ಯಜಮಾನಿಯನ್ನು ಎಲ್ಲರೂ ನಾನಾಯ್ ಎನ್ನುತ್ತಿದ್ದರು, ಅಮ್ಮ ಎಂದು. ನಾವೂ ಹಾಗೇ ಕರೆದೆವು. ಆಕೆಯ ಗಂಡ ಮೂಲೆಯ ಮೇಜಿನಲ್ಲಿ ಕೂತು ಲೆಕ್ಕ ಬರೆಯುತ್ತಿದ್ದರು, ನಡುನಡುವೆ ಕೆಮ್ಮುತ್ತಿದ್ದರು. ನೆಲೆಯ ಹಡಗು ದುರಸ್ತಿ ವಿಭಾಗದಲ್ಲಿ ಬಾಯ್ಲರ್ ಕೊಳವೆಗಳ ಕೆಲಸ ಮಾಡಿದವರು. ಕೊಳವೆಗಳಿಗೆ ಸುತ್ತಿದ್ದ ಕಲ್ನಾರನ್ನು (ಆಸ್ಬೆಸ್ಟಾಸ್) ಬರಿಗೈಯಲ್ಲಿ ಕಿತ್ತೆಸೆಯುತ್ತಿದ್ದರಂತೆ. "ಪುಡಿ ಹಿಮದ ಹಾಗೆ ಬೀಳುತ್ತಿತ್ತು. ನಾವು ಹಿಮ ನೋಡಿದವರಲ್ಲವಲ್ಲ, ಆಟವಾಡುತ್ತಿದ್ದೆವು," ಎಂದರು. ನೆಲೆಯ ನೆಲ ಮತ್ತು ನೀರಿಗೆ ವಿಷ ಸೇರಿದೆ ಎಂದು ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧಕರೇ 1992ರಲ್ಲಿ ವರದಿ ಕೊಟ್ಟರು. ಆದರೆ ಒಪ್ಪಂದದಲ್ಲಿ ಶುಚಿಗೊಳಿಸಬೇಕೆಂಬ ಷರತ್ತು ಇರಲಿಲ್ಲ.

ನೆಲೆ ಹೋದ ಬಗೆಯನ್ನು ಅವರ ಬಾಯಿಂದಲೇ ಕೇಳಬೇಕು. ಮೊದಲು ಬೆಟ್ಟ ಸಿಡಿಯಿತು. ಅದೇ ದಿನ ಚಂಡಮಾರುತವೂ ಬಂದು, ನೆನೆದ ಬೂದಿಯ ಭಾರಕ್ಕೆ ಮಾಡುಗಳು ಕುಸಿದವು. ಮೂರು ತಿಂಗಳ ನಂತರ, 1991ರ ಸೆಪ್ಟೆಂಬರ್ 16ರಂದು, ನೆಲೆಯ ಅವಧಿ ಮುಂದುವರಿಸುವ ಒಪ್ಪಂದವನ್ನು ಫಿಲಿಪ್ಪೀನ್ಸ್ ಸೆನೆಟ್ 12–11 ಮತಗಳಿಂದ ತಳ್ಳಿಹಾಕಿತು. ಆ 12 ಸೆನೆಟರ್‌ಗಳ ನೆನಪಿಗೆ ವಾಟರ್‌ಫ್ರಂಟ್ ರಸ್ತೆಯಲ್ಲಿ ಇನಾಂಗ್ ಲಾಯಾ ಎಂಬ ಸ್ವಾತಂತ್ರ್ಯಮಾತೆಯ ಪ್ರತಿಮೆ ಇದೆ. ವಿಚಿತ್ರವೆಂದರೆ, ನೆಲೆ ಉಳಿಯಲೇಬೇಕೆಂದು ಮನಿಲಾದವರೆಗೆ ಹೋಗಿ ಹೋರಾಡಿದ ಒಲೊಂಗಾಪೊದ ಮೇಯರ್ ರಿಚರ್ಡ್ ಗೋರ್ಡನ್, ಅದು ಹೋಗುವುದು ಖಚಿತವಾದ ಕೂಡಲೇ ತಿರುಗಿ ನಿಂತು, ಅದನ್ನು ಮುಕ್ತ ಬಂದರು ಮಾಡುವ ಕಾನೂನಿಗಾಗಿ ಓಡಾಡಿ, 1992ರಲ್ಲಿ ಅದರ ಮೊದಲ ಅಧ್ಯಕ್ಷರೂ ಆದರು. ಪಕ್ಕದ ಕ್ಲಾರ್ಕ್ ವಾಯುನೆಲೆ ಖಾಲಿಯಾದಾಗ ನಲ್ಲಿ, ಬಾಗಿಲ ಚೌಕಟ್ಟು ಸಹಿತ ಕಳುವಾಗಿತ್ತು. ಇಲ್ಲಿ ಹಾಗಾಗಬಾರದೆಂದು ಊರಿನ ಸುಮಾರು 8,000 ಜನ ಸಂಬಳವಿಲ್ಲದೆ ಕಾವಲು ನಿಂತರು. ಅಂಗಡಿಯ ಯಜಮಾನರು ಬಿಲ್ಡಿಂಗ್‌ಗಳಿಗೆ ರಾತ್ರಿಪಾಳಿ ಕಾದವರು. ನಾನಾಯ್ ಹುಲ್ಲು ಕತ್ತರಿಸಿದವರು. 1992ರ ನವೆಂಬರ್ 24ರಂದು ಕೊನೆಯ ಅಮೆರಿಕನ್ ತುಕಡಿ ಹೊರಟಿತು. ಹಡಗು ದುರಸ್ತಿಯ ಮೂರು ತೇಲುವ ಡಾಕ್‌ಗಳನ್ನೂ ಅಮೆರಿಕನ್ನರು ಎಳೆದುಕೊಂಡು ಹೋಗಿದ್ದರು. "ಅದೊಂದನ್ನು ನಾನು ಕ್ಷಮಿಸಿಲ್ಲ," ಎಂದರು ಯಜಮಾನರು, ಕಲ್ನಾರಿನ ಬಗ್ಗೆ ಹಾಗೆ ಹೇಳದವರು.

ಈಗ ವಲಯದೊಳಗೆ ಲಕ್ಷಕ್ಕೂ ಹೆಚ್ಚು ಜನ ದುಡಿಯುತ್ತಾರೆ, ಅಮೆರಿಕನ್ನರ ಕಾಲಕ್ಕಿಂತ ಎಷ್ಟೋ ಹೆಚ್ಚು. ಸಂಜೆ ಆರಕ್ಕೆ ಗೇಟಿನಲ್ಲಿ ನಿಂತರೆ ಅದು ಕಾಣುತ್ತದೆ: ಸಮವಸ್ತ್ರದ ಜನ ಹೊಳೆಯಾಗಿ ಸೇತುವೆ ದಾಟಿ ಜೀಪ್ನಿ ಎಂಬ ಬಣ್ಣಬಣ್ಣದ ಪುಟ್ಟ ಬಸ್ಸುಗಳಿಗೆ ಹತ್ತುತ್ತಾರೆ. ಒಲೊಂಗಾಪೊದಲ್ಲಿ ಒಂದೊಂದು ಮಾರ್ಗಕ್ಕೆ ಒಂದೊಂದು ಬಣ್ಣ, ಭಾಷೆ ಬಾರದವರಿಗೂ ದಾರಿ ತಪ್ಪುವುದಿಲ್ಲ. ಒಳಗೆ ದುಡಿದು ಹೊರಗೆ ಮಲಗುವ ಪದ್ಧತಿ ಮಾತ್ರ ನೆಲೆಯ ಕಾಲದ್ದೇ.

ಶನಿವಾರ

ಬೆಳಿಗ್ಗೆ ಹೋಟೆಲಿನ ಮುಂದೆ ತಾಹೊ ಮಾರುವವನ ಕೂಗು. ಬಿಸಿ ಸೋಯಾ ಮೊಸರಿನ ಮೇಲೆ ಬೆಲ್ಲದ ಪಾಕ, ಸಾಬಕ್ಕಿ. ನಿಂತಲ್ಲೇ ಕುಡಿದು ಪಾಮುಲಕ್ಲಾಕಿನ್ ಕಾಡಿಗೆ ಹೊರಟೆವು. ಬಿಸಿಲೇರುವ ಮೊದಲು ಹೋಗುವುದು ಒಳ್ಳೆಯದು. ಮಳೆಗಾಲದಲ್ಲಂತೂ ಸಾಂಬಾಲೆಸ್ ಕಡೆ ಬರುವ ಮಾತೇ ಬೇಡ.

ಈ ಕಾಡು ಉಳಿದದ್ದು ಬೇಲಿಯಿಂದ. ಲೂಜಾನ್ ದ್ವೀಪದ ಉಳಿದೆಡೆ ಮರಗಳ್ಳರು ಗುಡ್ಡ ಬೋಳಿಸುತ್ತಿದ್ದಾಗ, ನೀರಿಗೂ ಮದ್ದುಗುಂಡಿನ ಉಗ್ರಾಣಕ್ಕೂ ಮರೆ ಬೇಕೆಂದು ನೌಕಾಪಡೆ ಇಲ್ಲಿ ಯಾರನ್ನೂ ಬಿಡಲಿಲ್ಲ. ಅವರು ಒಳಗೆ ಬಿಟ್ಟುಕೊಂಡದ್ದು ಕಾಡಿನ ಮೂಲನಿವಾಸಿಗಳಾದ ಆಯ್ತಾ ಜನರನ್ನು ಮಾತ್ರ. ವಿಯೆಟ್ನಾಂಗೆ ಹೊರಟ ಸೈನಿಕರಿಗೆ ಕಾಡಿನಲ್ಲಿ ಬದುಕಿ ಉಳಿಯುವುದನ್ನು ಕಲಿಸಿದವರು ಇವರು. ನಮ್ಮ ಮಾರ್ಗದರ್ಶಿಯ ಅಪ್ಪ ಅಂಥ ಒಬ್ಬ ಗುರು. ಮಗ ಎರಡು ಬಿದಿರಿನ ಸೀಳು ಉಜ್ಜಿ ಕಣ್ಣೆದುರೇ ಬೆಂಕಿ ಎಬ್ಬಿಸಿದ, ಇನ್ನೊಂದು ಬಿದಿರ ಗಿಣ್ಣಿನಲ್ಲಿ ಅಕ್ಕಿ ತುಂಬಿ ಅದರ ಮೇಲಿಟ್ಟ. ಬಳ್ಳಿಯೊಂದನ್ನು ಕಡಿದು ನೀರು ಕುಡಿಸಿದ. ಗುಗೊ ಎಂಬ ಬಳ್ಳಿಯ ತೊಗಟೆ ಕುಟ್ಟಿ ನೊರೆ ಬರಿಸಿ ಕೈ ತೊಳೆಸಿದ. ಸೀಗೆಕಾಯಿ ಕಂಡವಳಿಗೆ ಆಶ್ಚರ್ಯವಾಗಲಿಲ್ಲ, ಸಂತೋಷವಾಯಿತು.

ಹೊಳೆ ದಾಟುವಲ್ಲಿ ನನ್ನ ಚಪ್ಪಲಿಯ ಅಟ್ಟೆ ಬಾಯಿಬಿಟ್ಟಿತು. ಅವನು ಮಾತಿಲ್ಲದೆ ಬೆತ್ತದ ಬಳ್ಳಿಯೊಂದನ್ನು ಸೀಳಿ, ಹೆಬ್ಬೆರಳಿನಿಂದ ಹಿಮ್ಮಡಿವರೆಗೆ ಸುತ್ತಿ ಬಿಗಿದ. ಮನಿಲಾ ತಲುಪುವವರೆಗೂ ಅದು ಬಿಚ್ಚಲಿಲ್ಲ. ನೆಲೆಯ ಕಾಲ ಒಳ್ಳೆಯದೋ ಈಗ ಒಳ್ಳೆಯದೋ ಎಂದು ನಮ್ಮವರು ಕೇಳಿದರು. "ಆಗ ಸೈನಿಕರು ಕಲಿಯಲು ಬರುತ್ತಿದ್ದರು, ಹೇಳಿದ ಹಾಗೆ ಕೇಳುತ್ತಿದ್ದರು. ಈಗ ಪ್ರವಾಸಿಗಳು ಫೋಟೊಗೆ ಬರುತ್ತಾರೆ, ಬೆಂಕಿ ಇನ್ನೊಮ್ಮೆ ಮಾಡು ಎನ್ನುತ್ತಾರೆ," ಎಂದ. ನಮ್ಮವರು ಮೊಬೈಲನ್ನು ಮೆಲ್ಲಗೆ ಜೇಬಿಗೆ ಇಳಿಸಿದರು.

ಮಧ್ಯಾಹ್ನ ಕುಬಿ ಪಾಯಿಂಟ್. ರಸ್ತೆಬದಿಯ ಮರಗಳಲ್ಲಿ ನೂರಾರು ದೊಡ್ಡ ಬಾವಲಿಗಳು ತಲೆಕೆಳಗಾಗಿ ತೂಗಿಕೊಂಡು ಗದ್ದಲ ಮಾಡುತ್ತಿದ್ದವು. ಹೊಂಬಣ್ಣದ ನೆತ್ತಿಯ ಆ ಜಾತಿ ಫಿಲಿಪ್ಪೀನ್ಸ್ ಬಿಟ್ಟು ಬೇರೆಲ್ಲೂ ಇಲ್ಲ. ಕೆಳಗೆ ವಿಮಾನ ನಿಲ್ದಾಣ. 1951ರಿಂದ ಐದು ವರ್ಷ ಗುಡ್ಡ ಕಡಿದು, ಆ ಮಣ್ಣನ್ನು ಕೊಲ್ಲಿಗೆ ಸುರಿದು ಅಮೆರಿಕದ ನೌಕಾಪಡೆ ಈ ರನ್‌ವೇ ಮಾಡಿತು. ವಿಮಾನವಾಹಕ ಹಡಗುಗಳು ಅದರ ಪಕ್ಕಕ್ಕೇ ಬಂದು ನಿಲ್ಲುತ್ತಿದ್ದವು. 1995ರಲ್ಲಿ ಕೊರಿಯರ್ ಕಂಪನಿ ಫೆಡೆಕ್ಸ್ ತನ್ನ ಏಷ್ಯಾ ಕೇಂದ್ರವನ್ನು ಇಲ್ಲಿ ತೆರೆದಾಗ ಮುಕ್ತ ಬಂದರಿನ ಭಾಗ್ಯದ ಬಾಗಿಲು ತೆರೆಯಿತು ಎಂದರು. 2009ರಲ್ಲಿ ಅದು ಚೀನಾದ ಗುವಾಂಗ್‌ಝೌಗೆ ಹೋಯಿತು. ನಾವು ಬೇಲಿಯ ಬಳಿ ನಿಂತಿದ್ದಷ್ಟು ಹೊತ್ತು ಒಂದೂ ವಿಮಾನ ಇಳಿಯಲಿಲ್ಲ, ಏರಲಿಲ್ಲ. 1996ರಲ್ಲಿ ಏಷ್ಯಾ-ಪೆಸಿಫಿಕ್ ದೇಶಗಳ ಏಪೆಕ್ ಶೃಂಗಸಭೆಗೆ ಬಂದ ನಾಯಕರಿಗಾಗಿ ಕಟ್ಟಿದ ಬಂಗಲೆಗಳೂ ಈ ಕಡೆಯೇ ಇವೆ. ಹೊರಗಿನಿಂದ ನೋಡಿದರೆ ಅನುಕೂಲಸ್ಥರ ಯಾವುದೇ ಬಡಾವಣೆ.

ಆ ರನ್‌ವೇ ಬರುವ ಮೊದಲು ಅಲ್ಲಿ ಬಾನಿಕಾಯಿನ್ ಎಂಬ ಹಳ್ಳಿ ಇತ್ತು. ಅಲ್ಲಿನವರನ್ನು ಎಬ್ಬಿಸಿ ಒಲೊಂಗಾಪೊಗೆ ಕಳಿಸಿದರು; ಈಗ ಊರೊಳಗೆ ಹೊಸ ಬಾನಿಕಾಯಿನ್ ಎಂಬ ಬಡಾವಣೆ ಇದೆ. 1959ರ ಡಿಸೆಂಬರ್‌ವರೆಗೆ ಒಲೊಂಗಾಪೊ ಕೂಡ ಅಮೆರಿಕದ ನೌಕಾಪಡೆಯ ಆಡಳಿತದಲ್ಲೇ ಇತ್ತು, ಸ್ವಂತ ದೇಶದಲ್ಲಿ ಪಾಸ್ ತೋರಿಸಿ ಓಡಾಡಬೇಕಿತ್ತು. ನೆಲೆ ಹೋದಾಗ ಬಾನಿಕಾಯಿನ್‌ನವರಿಗೆ ಅವರ ನೆಲ ಮರಳಿ ಬಂತೇ ಎಂದು ಚಾಲಕನನ್ನು ಕೇಳಿದೆ. ಅವನು ರನ್‌ವೇಯ ಕಡೆ ಗದ್ದ ಚಾಚಿ, "ಎಲ್ಲಿಂದ ಮರಳಿಸುತ್ತಾರೆ?" ಎಂದ. ಅರ್ಗಾದ ನಮ್ಮ ಚಿಕ್ಕಮ್ಮ ಹೆದ್ದಾರಿಯಲ್ಲಿ ಬಸ್ಸು ನೌಕಾನೆಲೆಯ ಗೋಡೆ ಹಾಯುವಾಗ ತನ್ನ ಬಾವಿ ಎಲ್ಲಿತ್ತೆಂದು ಇವತ್ತಿಗೂ ಬೆರಳು ಮಾಡುತ್ತಾಳೆ. ಬಾವಿಯಾದರೂ ಅಲ್ಲೇ ಇರಬಹುದು. ಬಾನಿಕಾಯಿನ್‌ನ ಗುಡ್ಡವೇ ಇಲ್ಲ.

ಭಾನುವಾರ

ನಸುಕಿನಲ್ಲಿ ಕೊಲ್ಲಿಯ ಆ ಬದಿಯ ಸೂಬಿಕ್ ಪಟ್ಟಣದ ಮೀನುಪೇಟೆಗೆ ಹೋದೆವು. ನಮ್ಮ ಬಂಗಡೆ ಅಲ್ಲಿ ಅಲುಮಹನ್, ಇಸೋಣ ತಾನಿಗೆ. ಕಿವಿರು ಎತ್ತಿ ನೋಡಿ, ಹೊಟ್ಟೆ ಒತ್ತಿ ನೋಡಿ ನಾನು ಚೌಕಾಶಿ ಮಾಡಿದ ರೀತಿಗೆ ಮಾರುವಾಕೆ ನಕ್ಕು ಎರಡು ಮೀನು ಹೆಚ್ಚಿಗೆ ಹಾಕಿದಳು.

ಎದುರಿನ ರೆಡೊಂಡೊ ಪರ್ಯಾಯದ್ವೀಪದಲ್ಲಿ ಹಡಗುಕಟ್ಟೆಯ ಕ್ರೇನುಗಳು. 2006ರಲ್ಲಿ ಬಂದ ಕೊರಿಯಾದ ಹಾಂಜಿನ್ ಕಂಪನಿ ಅಲ್ಲಿ ಒಂದು ಕಾಲಕ್ಕೆ 30,000ಕ್ಕೂ ಹೆಚ್ಚು ಜನರಿಗೆ ಕೆಲಸ ಕೊಟ್ಟು, 2019ರಲ್ಲಿ ಸಾಲ ತೀರಿಸಲಾಗದೆ ಕೈಯೆತ್ತಿತು. ಅಮೆರಿಕದ ಹೂಡಿಕೆ ಸಂಸ್ಥೆಯೊಂದು ಕೊಂಡುಕೊಂಡಿತು. ಈಗ ಒಂದು ಭಾಗದಲ್ಲಿ ಫಿಲಿಪ್ಪೀನ್ಸ್ ನೌಕಾಪಡೆ ಬಂದು ಕುಳಿತಿದೆ, ಇನ್ನೊಂದರಲ್ಲಿ ಮತ್ತೊಂದು ಕೊರಿಯನ್ ಕಂಪನಿ.

ನೌಕಾಪಡೆ ಮರಳಿದ್ದರ ಕಾರಣ ಮೀನುಪೇಟೆಯವರಿಗೆ ಚೆನ್ನಾಗಿ ಗೊತ್ತು. ಸಾಂಬಾಲೆಸ್ ತೀರದಿಂದ ಪಶ್ಚಿಮಕ್ಕೆ ಸುಮಾರು 120 ನಾಟಿಕಲ್ ಮೈಲಿ ದೂರದ ಸ್ಕಾರ್‌ಬರೊ ಹವಳದಿಬ್ಬವನ್ನು 2012ರಿಂದ ಚೀನಾ ಹಿಡಿದುಕೊಂಡಿದೆ. ಬಲೆ ಹೆಣೆಯುತ್ತಿದ್ದ ಒಬ್ಬರು, ಮೊದಲು ಅಲ್ಲಿ ವಾರಗಟ್ಟಲೆ ಲಂಗರು ಹಾಕುತ್ತಿದ್ದೆವು, ಈಗ ಹತ್ತಿರ ಹೋದರೆ ನೀರಿನ ಫಿರಂಗಿ ಹಾರಿಸುತ್ತಾರೆ ಎಂದರು. ನಾವು ಭಾರತದವರು ಎಂದು ತಿಳಿದದ್ದೇ ತಡ, "ಬ್ರಹ್ಮೋಸ್!" ಎಂದು ಹೆಬ್ಬೆರಳೆತ್ತಿದರು. 2024ರ ಏಪ್ರಿಲ್‌ನಲ್ಲಿ ಭಾರತದಿಂದ ಆ ಕ್ಷಿಪಣಿಗಳ ಮೊದಲ ಕಂತು ಬಂದದ್ದು ಅವರಿಗೆ ಗೊತ್ತಿತ್ತು. ಬಡ್ಡಿಯಿಂದ ಕ್ಷಿಪಣಿಗೆ ಬಡ್ತಿ ಸಿಕ್ಕಿತೆಂದು ನಮ್ಮವರಿಗೆ ಸಮಾಧಾನ.

ಕೊಂಡ ಮೀನನ್ನು ನಾನಾಯ್ ಅಂಗಡಿಗೆ ಒಯ್ದೆವು. ಪೇಟೆಯಿಂದ ಮೀನು ತಂದು ಅಡುಗೆಯ ಕೂಲಿ ಕೊಟ್ಟು ಮಾಡಿಸಿಕೊಳ್ಳುವುದು ಅಲ್ಲಿ ಎಲ್ಲೆಡೆ ನಡೆಯುತ್ತದೆ. ಕೇಳಲು ಸಂಕೋಚ ಬೇಡ. ಆಕೆ ಸಿನಿಗಾಂಗ್ ಎಂಬ ಹುಣಸೆಯ ಹುಳಿಸಾರು ಮಾಡಿದರು, ನಾನು ಊರಿನಿಂದ ತಂದ ಮೆಣಸಿನ ಪುಡಿ ಹಚ್ಚಿ ಬಂಗಡೆ ಹುರಿದೆ. ಯಜಮಾನರು ಒಂದು ತುಂಡು ತಿಂದು ಕಣ್ಣೀರು ಒರೆಸಿಕೊಂಡು ಇನ್ನೊಂದು ತೆಗೆದುಕೊಂಡರು.

ಅಮೆರಿಕದ ಹಡಗುಗಳು ಮತ್ತೆ ಬಂದು ಹೋಗುತ್ತಿವೆಯಲ್ಲ, ನೆಲೆಯೂ ಬರಲಿ ಎನ್ನುತ್ತೀರಾ ಎಂದು ನಮ್ಮವರು ಕೇಳಿದರು. ಯಜಮಾನರು ತಟ್ಟನೆ, ಬರಲಿ, ದುರಸ್ತಿ ಕೆಲಸ ಬರುತ್ತದೆ, ನಮ್ಮಷ್ಟು ಚೆನ್ನಾಗಿ ಬಾಯ್ಲರ್ ಕೂಡಿಸುವವರು ಈ ಕಡಲಲ್ಲಿ ಯಾರಿದ್ದಾರೆ ಎಂದರು. ನಾನಾಯ್ ಸೌಟು ಕೆಳಗಿಟ್ಟರು. ಆಕೆಯ ತಂಗಿಯ ಮಗ ಒಬ್ಬ ನಾವಿಕನ ಮಗ. ಅಪ್ಪನ ಹೆಸರು ಗೊತ್ತು, ಊರು ಗೊತ್ತಿಲ್ಲ. ವಿಯೆಟ್ನಾಂ, ಕೊರಿಯಾಗಳಲ್ಲಿ ಹುಟ್ಟಿದ ಇಂಥ ಮಕ್ಕಳಿಗೆ 1982ರಲ್ಲಿ ಅಮೆರಿಕ ಕಾನೂನು ಮಾಡಿ ದಾರಿ ಬಿಟ್ಟಿತು. ಫಿಲಿಪ್ಪೀನ್ಸ್ ಆ ಪಟ್ಟಿಯಲ್ಲಿ ಇರಲಿಲ್ಲ.

"ಹಡಗು ಬರಲಿ," ಎಂದರು ನಾನಾಯ್. "ದುರಸ್ತಿ ಮಾಡಿ ಕೊಡೋಣ, ಊಟ ಹಾಕೋಣ, ದುಡ್ಡು ತೆಗೆದುಕೊಳ್ಳೋಣ. ಆದರೆ ರಾತ್ರಿ ಅವರು ಹಡಗಿನಲ್ಲೇ ಮಲಗಲಿ."

ಯಜಮಾನರು ಅದಕ್ಕೆ ಏನೋ ಹೇಳಲು ಹೊರಟು, ಮೆಣಸಿನ ಖಾರಕ್ಕೆ ಕೆಮ್ಮು ಬಂದು, ಮಾತು ಅಲ್ಲಿಗೇ ನಿಂತಿತು. ಎರಡು ಗಂಟೆಯ ಬಸ್ಸಿಗೆ ಹೊರಟಾಗ ಉಳಿದ ಮೆಣಸಿನ ಪುಡಿಯ ಪೊಟ್ಟಣವನ್ನು ನಾನಾಯ್ ಕೇಳಿ ಇಸಿದುಕೊಂಡರು.